ಐದರಿಂದ ಆರೂವರೆ

2025ರ ಡಿಸೆಂಬರ್ 19, ಶುಕ್ರವಾರ, ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ವೆಲಿಮಿರ್ ಕಾರಿನಲ್ಲಿ ಕೂತು, ಕಾರು ಶುರು ಮಾಡದೆ, ಎದುರಿನ ಗಾಜಿನ ಮೇಲೆ ತನ್ನ ಉಸಿರೇ ಮಂಜಾಗಿ ಹರಡುವುದನ್ನು ನೋಡುತ್ತಿದ್ದ. ಪಕ್ಕದ ಸೀಟಿನ ಮೇಲೆ ಒಂದು ಬಾಟಲಿ ಕೆಂಪು ವೈನು, ಕಾಲು ಕಿಲೋ ಕಾಫಿಪುಡಿ, ಗೆಳೆಯ ಗೋಯ್ಕೊನ ತಾಯಿಗೆಂದು ಒಂದು ಡಬ್ಬಿ ಚಾಕೊಲೇಟು. ಕೋಟಿನ ಒಳಜೇಬಿನಲ್ಲಿ ಉದ್ದಕ್ಕೆ ಮಡಿಸಿದ ಕಾಗದ. ಅದನ್ನು ಅವನು ಮೊದಲು ಮನೆಯಲ್ಲೇ, ಚಪ್ಪಲಿ ಕಪಾಟಿನ ಮೇಲೆ ಬಿಟ್ಟು ಬಂದಿದ್ದ. ಲಿಫ್ಟಿನಲ್ಲಿ ಕೆಳಗಿಳಿದವನು ಮತ್ತೆ ಮೇಲೆ ಹೋಗಿ ತೆಗೆದುಕೊಂಡು ಬಂದ. ಹೆಂಡತಿ ಯಾಸ್ನಾ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತು ನೋಡಿದಳು. ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದಕ್ಕೇ ಅವನಿಗೆ ರೇಗಿತು. ಒಳಗೆ ಒಯ್ಯುವುದಿಲ್ಲ, ಕಾರಿನಲ್ಲೇ ಇಟ್ಟಿರುತ್ತೇನೆ ಎಂದು ಹೇಳಬೇಕೆನಿಸಿತು. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರೆ ಅದು ಉತ್ತರದ ಹಾಗೆ ಕೇಳಿಸುವುದಿಲ್ಲ ಅನ್ನಿಸಿ ಸುಮ್ಮನಾದ. ಹೋಗಬೇಕೆ, ಬೇಡವೆ ಎಂಬುದು ಮೂರು ದಿನದಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗಿತ್ತು. ನಾಲಿಗೆ ಅಲ್ಲಿಗೇ ಹೋಗುತ್ತದೆ, ನಾರು ಬರುವುದಿಲ್ಲ.

ಸಂತ ನಿಕೊಲಾನ ದಿನ. ನೋವಿ ಸಾದ್ ನಗರದ ಅರ್ಧ ಮನೆಗಳಲ್ಲಿ ಇವತ್ತು ಸ್ಲಾವಾ, ಮನೆತನದ ಸಂತನ ಹಬ್ಬ. ಉಳಿದರ್ಧ ಮನೆಯವರು ಈ ಅರ್ಧದವರ ಮನೆಗೆ ಹೋಗಿ ಬರುವವರು. ರಸ್ತೆಯಲ್ಲಿ ಎಲ್ಲರ ಕೈಯಲ್ಲೂ ಬಾಟಲಿ, ಎಲ್ಲರ ಮೈಮೇಲೂ ಇಸ್ತ್ರಿ ಮಾಡಿದ ಅಂಗಿ. ಸ್ಲಾವಾಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿರುತ್ತದೆ, ಬರಬೇಕಾದವರು ಬರುತ್ತಾರೆ. ಕರೆಸಿಕೊಂಡು ಬರುವವನು ಹೊರಗಿನವನು. ಕರೆಯದೆ ಬಾರದವನು ಇನ್ನು ಮುಂದೆ ಹೊರಗಿನವನು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ವೆಲಿಮಿರ್‌ಗೂ ಯಾರೂ ಕಲಿಸಿರಲಿಲ್ಲ, ಆದರೂ ಗೊತ್ತಿತ್ತು. ಗೊತ್ತಿದ್ದೂ ಹೋದ ತಿಂಗಳು, ಅವನದೇ ಮನೆಯ ಸ್ಲಾವಾದ ದಿನ, ಅವನು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮಾಡಿದ್ದು ನಾನಲ್ಲ, ಸಾಫ್ಟ್‌ವೇರ್ ಎಂದು ಒಂದು ವಾರ ತನಗೆ ತಾನೇ ಹೇಳಿಕೊಂಡಿದ್ದ. ಆ ಮಾತು ಯಾಸ್ನಾಳ ಎದುರು ಎರಡನೆಯ ಸಲ ಹೇಳುವಷ್ಟರಲ್ಲಿ ಸವೆದುಹೋಗಿತ್ತು.

ಇಸಿದೋರಾ ಹೇಳಿಕೊಟ್ಟದ್ದು ಅದು. ಹೊಸ ಕಂಪನಿ ಕಟ್ಟುವವರನ್ನು ತಿದ್ದಿ ತೀಡುವ ಶಿಬಿರದಲ್ಲಿ ಅವಳು ವೆಲಿಮಿರ್‌ನ ಮಾರ್ಗದರ್ಶಿ. ಯಾವಾಗಲೂ ಬಿಳಿ ಬೂಟು. ಯಾವಾಗಲೂ ಕೈಯಲ್ಲಿ ನೀರಿನ ಬಾಟಲಿ. ಮಾತು ಮುಗಿದ ಮೇಲೂ ಎದುರಿನವನ ಕಣ್ಣನ್ನು ಒಂದು ಕ್ಷಣ ಹೆಚ್ಚಿಗೆ ಹಿಡಿದಿಡುತ್ತಾಳೆ, ಅದೂ ಪಾಠದ ಭಾಗ. ನೀನು ಯಂತ್ರ ಚೆನ್ನಾಗಿ ಕಟ್ಟುತ್ತೀಯ, ಸಂಬಂಧ ಕಟ್ಟಲು ಬರುವುದಿಲ್ಲ ಎಂದಿದ್ದಳು. ಅದು ನಿಜವೇ ಆಗಿದ್ದರಿಂದ ಅವನು ಬರೆದುಕೊಂಡಿದ್ದ. ಅವಳು ಕೊಡಿಸಿದ ಸಾಫ್ಟ್‌ವೇರಿನಲ್ಲಿ ಗೊತ್ತಿರುವ ಮನುಷ್ಯರನ್ನೆಲ್ಲ ತುಂಬಬೇಕು, ಪ್ರತಿಯೊಬ್ಬರ ಎದುರಿಗೂ ಬಿಸಿ, ಬೆಚ್ಚಗೆ, ತಣ್ಣಗೆ ಎಂಬ ಗುರುತು ಹಾಕಬೇಕು. ಯಾರು ತಣ್ಣಗಾಗುತ್ತಿದ್ದಾರೆ ಎಂದು ಅದು ಎಚ್ಚರಿಸುತ್ತದೆ. ವೆಲಿಮಿರ್‌ಗೆ ಇದು ಹಿಡಿಸಿತು. ಅವನ ಕಂಪನಿ ಮಾಡುವುದೂ ಅದನ್ನೇ. ಗೋಧಿ ಜೋಳ ತುಂಬಿದ ಉಕ್ಕಿನ ಕಣಜಗಳೊಳಗೆ ಉಷ್ಣಮಾಪಕಗಳ ಸರ ಇಳಿಬಿಟ್ಟು, ಕಾಳಿನ ರಾಶಿಯ ಹೊಟ್ಟೆಯಲ್ಲಿ ಎಲ್ಲಿ ಕಾವು ಏರುತ್ತಿದೆ ಎಂದು ಹೇಳುವುದು. ಸರ ಮಾಡುವವನು ಗೋಯ್ಕೊ. ಲೆಕ್ಕ ಹಾಕಿ ಹೇಳುವ ಭಾಗ ವೆಲಿಮಿರ್‌ನದು. ಕಂಪನಿ ಇಬ್ಬರದೂ ಸಮಸಮ. ಸಾಫ್ಟ್‌ವೇರಿನಲ್ಲಿ ಅವನು ಗೋಯ್ಕೊನ ಹೆಸರನ್ನೂ ತುಂಬಿದ್ದ: ಪಾಲುದಾರ, ಆದ್ಯತೆ ಒಂದು. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಮಲಗಿದವನ, ತನ್ನ ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವನ ಹೆಸರಿನ ಮುಂದೆ ಆದ್ಯತೆ ಒಂದು ಎಂದು ಒತ್ತುವಾಗ ಬೆರಳಿಗೆ ಏನೂ ಅನ್ನಿಸಿರಲಿಲ್ಲ. ಒಳ್ಳೆಯ ಸ್ಥಾನವನ್ನೇ ಕೊಟ್ಟೆನಲ್ಲ ಎಂದು ಸಮಾಧಾನವೇ ಆಗಿತ್ತು.

ಕಾರು ಶುರುವಾಯಿತು. ಹಿಂದಿನಿಂದ ಯಾರೋ ಹಾರನ್ ಒತ್ತಿದರು. ಅವನು ಹೊರಡುವ ಜಾಗಕ್ಕೆ ಇನ್ನೊಬ್ಬ ಕಾಯುತ್ತಿದ್ದಾನೆ, ಅವನಿಗೂ ಯಾರದೋ ಮನೆಗೆ ಹೋಗಬೇಕಿದೆ. ಸರಿ, ಹೋಗುತ್ತೇನೆ ಮಾರಾಯ ಎಂದು ಕನ್ನಡಿಗೆ ಹೇಳಿದ. ನಿರ್ಧಾರ ಅಷ್ಟೇ ಆಯಿತು. ತನ್ನ ನಿರ್ಧಾರವನ್ನು ಪಾರ್ಕಿಂಗ್ ಜಾಗ ಸಿಗದ ಯಾವನೋ ಮಾಡಿದ. ಗೋಯ್ಕೊನ ಊರಾದ ಫುತೊಗ್‌ಗೆ ಹೋಗುವ ರಸ್ತೆಯಲ್ಲಿ ವಾಹನಗಳು ಆಮೆಯ ಹಾಗೆ ಸಾಗುತ್ತಿದ್ದವು. ಎರಡೂ ಬದಿಗೆ ಎಲೆಕೋಸು ಕಿತ್ತ ಹೊಲ, ಉಳಿದ ಬುಡಗಳು ಕಪ್ಪು ಮಣ್ಣಿನಲ್ಲಿ ಸಾಲಾಗಿ ಕೊಳೆಯುತ್ತಿದ್ದವು. ಹೋದ ತಿಂಗಳು, ಅವನ ಮನೆಯ ಸ್ಲಾವಾಕ್ಕೆ ಮುಂಚೆ, ಇಸಿದೋರಾ ಹೇಳಿದ್ದಳು: ವರ್ಷಕ್ಕೊಮ್ಮೆ ನಿನ್ನ ಮನೆಗೆ ನಲವತ್ತು ಜನ ಬರುತ್ತಾರೆ, ಬೇರೆ ಊರಿನ ಉದ್ಯಮಿಗಳು ಇಂಥ ಅವಕಾಶಕ್ಕೆ ಸಾಯುತ್ತಾರೆ, ಆದರೆ ಎಲ್ಲರೂ ಒಟ್ಟಿಗೆ ಬಂದರೆ ಯಾರ ಜೊತೆಗೂ ಮಾತಾಡಿದಂತಾಗುವುದಿಲ್ಲ, ಹಂಚಿ ಕರೆ. ಅವನು ಹಂಚಿದ. ವಿಯೆನ್ನಾದ ಹೂಡಿಕೆದಾರರಿಗೆ, ಸಹಕಾರ ಸಂಘದವರಿಗೆ, ಬ್ಯಾಂಕಿನವರಿಗೆ ಬೇರೆ ಬೇರೆ ಹೊತ್ತು. ಒಂದು ಗುಂಡಿ ಒತ್ತಿದ. ಆದ್ಯತೆ ಒಂದು ಎಂದಿದ್ದವರಿಗೆಲ್ಲ ಕ್ಯಾಲೆಂಡರಿನಲ್ಲಿ ಆಹ್ವಾನ ಹೋಯಿತು. ಗೋಯ್ಕೊನಿಗೂ ಹೋಯಿತು. ಪ್ರಿಯ ಗೋಯ್ಕೊ, ನಮ್ಮ ಕುಟುಂಬದ ಹಬ್ಬಕ್ಕೆ ನಿಮಗೆ ಸ್ವಾಗತ, ಸಂಜೆ ಐದರಿಂದ ಆರೂವರೆ, ದಯವಿಟ್ಟು ಖಚಿತಪಡಿಸಿ.

ಪ್ರತಿ ವರ್ಷ ಗೋಯ್ಕೊ ಬೆಳಗ್ಗೆ ಒಂಬತ್ತಕ್ಕೇ ಬರುತ್ತಿದ್ದ. ವ್ಯಾನಿನಲ್ಲಿ ಮಡಚುವ ಮೇಜು ಕುರ್ಚಿ ಹೇರಿಕೊಂಡು, ಮೆಟ್ಟಿಲಲ್ಲಿ ಗೋಡೆಗೆ ತಗುಲಿಸಿ ಶಬ್ದ ಮಾಡುತ್ತ, ಕೆಳಮನೆಯವರ ಬೈಗುಳ ತಿನ್ನುತ್ತ ಬರುತ್ತಿದ್ದ. ಈ ವರ್ಷ ಒಂಬತ್ತಾಯಿತು, ಹನ್ನೆರಡಾಯಿತು, ಜನ ಕಿಟಕಿ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ತಿಂದರು. ಅಮ್ಮ ಬಾಗಿಲ ಕಡೆಗೇ ನೋಡುತ್ತಿದ್ದಳು. ಸಂಜೆ ಐದಕ್ಕೆ ಸರಿಯಾಗಿ ಬಾಗಿಲ ಗಂಟೆ ಹೊಡೆಯಿತು. ವಿಯೆನ್ನಾದವನು ಹೂಗುಚ್ಛ ಹಿಡಿದು ನಿಂತಿದ್ದ. ಮರುದಿನ ಪಾತ್ರೆ ಒರೆಸುವಾಗ ಅಮ್ಮನಿಗೆ ಹೇಗೋ ವಿಷಯ ಗೊತ್ತಾಯಿತು. ಕೈಯಲ್ಲಿದ್ದ ತಟ್ಟೆಯನ್ನು ನಿಧಾನಕ್ಕೆ ಕೆಳಗಿಟ್ಟು ಕೇಳಿದಳು: "ಕರೆದೆಯಾ? ಗೋಯ್ಕೊನನ್ನ ಕರೆದೆಯಾ ನೀನು?" ಕೊಂದೆಯಾ ಎಂದು ಕೇಳುವ ಹಾಗೆ.

ಕ್ಷಮೆ ಕೇಳಿದ್ದರೆ ಮುಗಿಯುತ್ತಿತ್ತು. ಅವನು ಬರೆದ, ಅಳಿಸಿದ. ಬರೆದ ಒಂದೊಂದು ವಾಕ್ಯವೂ ಇಸಿದೋರಾಳ ಪಾಠದಿಂದ ಎದ್ದು ಬಂದ ಹಾಗಿತ್ತು: ನಿನ್ನ ಭಾವನೆಗಳನ್ನು ಗೌರವಿಸುತ್ತೇನೆ, ಇದರಿಂದ ನಾನು ಕಲಿತಿದ್ದೇನೆ. ಇಪ್ಪತ್ತು ವರ್ಷ ಪರಸ್ಪರ ಕತ್ತೆ ಎಂದು ಕರೆದುಕೊಂಡವರ ನಡುವೆ ಕ್ಷಮೆಗೆ ಭಾಷೆಯೇ ಇರಲಿಲ್ಲ, ಬೇಕಾಗಿರಲೂ ಇಲ್ಲ. ಗೋಯ್ಕೊ ಕೆಲಸಕ್ಕೆ ಬರುತ್ತಿದ್ದ. ಕಾರ್ಯಾಗಾರದಲ್ಲಿ ಸರ ಬೆಸೆಯುತ್ತಿದ್ದ. ಹೇಳಬೇಕಾದ್ದನ್ನು ಬೇರೆಯವರ ಕೈಲಿ ಹೇಳಿ ಕಳಿಸುತ್ತಿದ್ದ. ಆಮೇಲೆ ವಿಯೆನ್ನಾದಿಂದ ಹೂಡಿಕೆಯ ಒಪ್ಪಂದ ಬಂತು. ಇಬ್ಬರ ಸಹಿಯೂ ಬೇಕು. ವೆಲಿಮಿರ್ ಕಳಿಸಿದ. ಗೋಯ್ಕೊ ತೆರೆದೂ ನೋಡಲಿಲ್ಲ. ಸಾಫ್ಟ್‌ವೇರ್ ತಾನಾಗಿಯೇ ಅವನಿಗೆ ಸ್ನೇಹಪೂರ್ವಕ ಜ್ಞಾಪನೆ ಎಂದು ಮೂರು ಸಲ ಕಳಿಸಿತು, ಮೂರನೆಯದರ ಕೊನೆಗೆ ನಗುವ ಮುಖವೂ ಇತ್ತು. ಅದನ್ನು ನಿಲ್ಲಿಸುವುದು ಹೇಗೆಂದು ವೆಲಿಮಿರ್‌ಗೆ ತಿಳಿಯಲಿಲ್ಲ. ಕಣಜದೊಳಗಿನ ಶಾಖದ ಹರಿವಿಗೆ ಸಮೀಕರಣ ಬರೆದವನಿಗೆ ಆ ಒಂದು ಗುಂಡಿ ಸಿಗಲಿಲ್ಲ. ಈಗ ಗಡುವು ಇವತ್ತು ಸಂಜೆ ಐದು. ವಿಯೆನ್ನಾದವರು ವರ್ಷದ ಲೆಕ್ಕ ಮುಚ್ಚುತ್ತಾರೆ. ಐದರ ನಂತರ ಆ ಹಣ ಸಾಲಿನಲ್ಲಿರುವ ಮುಂದಿನ ಕಂಪನಿಗೆ. ತಮ್ಮ ಹತ್ತಿರ ಇರುವುದರಲ್ಲಿ ಆರು ಜನರ ಸಂಬಳ ಫೆಬ್ರವರಿಯವರೆಗೆ ನಡೆದೀತು. ಹೋದರೆ ಸಹಿಗೆ ಹೋದ ಹಾಗೆ. ಹೋಗದಿದ್ದರೆ ಸ್ನೇಹ ಮುಗಿಯಿತೆಂದು ನಾನೇ ಹೇಳಿದ ಹಾಗೆ. ಸುಮ್ಮನೆ ಹೋಗುವುದು ಎಂಬ ಒಂದು ಸರಳ ಕ್ರಿಯೆ ಇತ್ತಲ್ಲ, ಅದನ್ನು ಈ ಒಂದು ದಿನದ ಮಟ್ಟಿಗೆ ಜಗತ್ತಿನಿಂದಲೇ ತೆಗೆದುಹಾಕಿದ್ದರು. ಕಾರು ನಿಲ್ಲಿಸಿದ. ಒಪ್ಪಂದದ ಕಾಗದ ತೆಗೆದು ಸೀಟಿನ ಮೇಲಿಟ್ಟ. ಇಳಿದ. ಬಾಗಿಲು ಹಾಕಿದ. ಮತ್ತೆ ತೆರೆದು, ಯಾರಾದರೂ ಗಾಜು ಒಡೆದರೆ ಎಂಬ ಕಾರಣವನ್ನು ತನಗೆ ಕೊಟ್ಟುಕೊಂಡು, ಜೇಬಿಗೆ ಹಾಕಿಕೊಂಡ. ಫುತೊಗ್‌ನ ಆ ಬೀದಿಯಲ್ಲಿ ಕಾರಿನ ಗಾಜು ಯಾರೂ ಯಾವತ್ತೂ ಒಡೆದಿರಲಿಲ್ಲ.

ಬಾಗಿಲಲ್ಲಿ ಗೋಯ್ಕೊ ನಿಂತಿದ್ದ. ಎರಡು ವರ್ಷದ ಹಿಂದೆ ಅಪ್ಪ ರಾದಿವೊಯ್ ಸ್ಲಾವಾವನ್ನು ಅವನಿಗೆ ಒಪ್ಪಿಸಿದ ಮೇಲೆ ಯಜಮಾನ ಅವನೇ. ಯಜಮಾನ ಆ ದಿನ ಕೂರುವಂತಿಲ್ಲ, ಕೊನೆಯ ಅತಿಥಿ ಹೋಗುವವರೆಗೆ ನಿಂತೇ ಬಡಿಸಬೇಕು. ಕಡುನೀಲಿ ಸೂಟಿನಲ್ಲಿ ಅವನ ದಪ್ಪ ಭುಜಗಳು ಬೇರೆ ಯಾರದೋ ಅನ್ನಿಸುತ್ತಿದ್ದವು. ಎದೆಯ ಜೇಬಿನಲ್ಲಿ ಪೆನ್ನು. ಸ್ಲಾವಾ ಶುಭವಾಗಲಿ ಯಜಮಾನರೇ, ಎಂದ ವೆಲಿಮಿರ್. ಎಲ್ಲರೂ ಹೇಳುವ ಮಾತು ಅದು, ಪ್ರತಿ ವರ್ಷ ನಗುತ್ತ ಹೇಳುತ್ತಿದ್ದ. ಗೋಯ್ಕೊ ಮೂರು ಸಲ ಕೆನ್ನೆಗೆ ಕೆನ್ನೆ ತಾಗಿಸಿದ, ಲೆಕ್ಕಕ್ಕೆ ಸರಿಯಾಗಿ. "ಬನ್ನಿ, ಬಂದದ್ದು ಸಂತೋಷ, ಒಳಗೆ ಬನ್ನಿ" ಎಂದ. ಬನ್ನಿ. ವೆಲಿಮಿರ್ ಹಿಂದೆ ಇನ್ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡುವಷ್ಟರಲ್ಲಿದ್ದ. ತಾಯಿ ಸ್ಮಿಲ್ಯಾ ತಟ್ಟೆ ಹಿಡಿದು ಬಂದಳು, ಬೇಯಿಸಿ ಅಕ್ರೋಡು ಸಕ್ಕರೆ ಸೇರಿಸಿ ಅರೆದ ಗೋಧಿ. ಅವನು ಶಿಲುಬೆ ಗುರುತು ಹಾಕಿಕೊಂಡು ಚಮಚ ತುಂಬಿದ, ಹೆಚ್ಚಾಯಿತು, ಸಕ್ಕರೆಪುಡಿ ಕೋಟಿನ ಎದೆಯ ಮೇಲೆ ಚೆಲ್ಲಿತು. "ಅಯ್ಯೋ ಮಗಾ" ಎಂದು ಸ್ಮಿಲ್ಯಾ ಅಂಗೈಯಿಂದ ಒರೆಸಿದಳು, ಮಕ್ಕಳಿಗೆ ಒರೆಸುವ ಹಾಗೆ ತಟ್ಟಿ ತಟ್ಟಿ. ಕೋಟಿನೊಳಗೆ ಕಾಗದ ಪರಪರ ಅಂದಿತು. ಅವಳ ಕೈ ಒಂದು ಗಳಿಗೆ ನಿಂತಿತೋ, ನಿಂತಂತೆ ಅವನಿಗೆ ಅನ್ನಿಸಿತೋ.

ಅವನನ್ನು ಮೇಜಿನ ತಲೆಗೆ, ಬೆಳಗ್ಗೆ ಪಾದ್ರಿ ಕೂತು ಎದ್ದುಹೋದ ಕುರ್ಚಿಯಲ್ಲಿ ಕೂರಿಸಿದರು. ಪ್ರತಿ ವರ್ಷ ಅವನ ಜಾಗ ಒಲೆಯ ಪಕ್ಕದ ಸ್ಟೂಲು. ಎರಡು ತುತ್ತು ತಿಂದು ಎದ್ದು, ತಟ್ಟೆ ಸಾಗಿಸಿ, ಯಾರದೋ ಮಗುವನ್ನು ಎತ್ತಿಕೊಂಡು, ಹೆಂಗಸರಿಂದ ಬೈಸಿಕೊಂಡು ದಿನ ಕಳೆಯುತ್ತಿತ್ತು. ಇವತ್ತು ಒಳ್ಳೆಯ ತಟ್ಟೆ, ಒಳ್ಳೆಯ ಲೋಟ, ಮಡಿಸಿದ ಬಿಳಿ ಕರವಸ್ತ್ರ. ಒಂದು ಬದಿಗೆ ಪುರಸಭೆಯ ಒಬ್ಬ ಅಧಿಕಾರಿ, ಇನ್ನೊಂದು ಬದಿಗೆ ಪಕ್ಕದ ಮನೆಯ ಸ್ಲೊವಾಕ್ ಮುದುಕ ಓಂದ್ರೆಯ್. ಮೀನಿನ ಸಾರು ಬಂತು, ಒಲೆಯಲ್ಲಿ ಬೇಯಿಸಿದ ಬೀನ್ಸ್ ಕಾಳು ಬಂತು, ಕೊಬ್ಬಿದ ಕಾರ್ಪ್ ಮೀನು ಬಂತು. ಎದ್ದರೆ ಗೋಯ್ಕೊನ ಹೆಂಡತಿ ಮಿಲಿತ್ಸಾ, ಕೂತ್ಕೊಳ್ಳಿ ಕೂತ್ಕೊಳ್ಳಿ, ನಿಮಗ್ಯಾಕೆ ತೊಂದರೆ ಅನ್ನುತ್ತಾಳೆ. ಆ ಮಿಲಿತ್ಸಾ, ಅವನು ತಡವಾಗಿ ಬಂದರೆ ಕಿವಿ ಹಿಂಡುತ್ತಿದ್ದವಳು. ಮರ್ಯಾದೆಯಿಂದಲೇ ಹೊಡೆಯುವುದೆಂದರೆ ಇದು. ಒಂದು ಬೈಗುಳ ಬಂದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅಧಿಕಾರಿ, ಈಗಿನ ಹುಡುಗರು ನೀವು ಕಂಪನಿ ಗಿಂಪನಿ ಮಾಡಿ ಏನನ್ನು ಮಾರುತ್ತೀರಿ ಎಂದು ಕೇಳಿದ. ವೆಲಿಮಿರ್ ಹೇಳಿದ. ಅಂದರೆ ಕಾಳಿಗೆ ಜ್ವರ ನೋಡುತ್ತೀರಿ ಎಂದ ಓಂದ್ರೆಯ್. ಮೇಜು ನಕ್ಕಿತು. ವೆಲಿಮಿರ್ ನಗುವಿನೊಂದಿಗೆ ಗೋಯ್ಕೊನತ್ತ ನೋಡಿದ, ಅಭ್ಯಾಸಬಲದಿಂದ, ಇಂಥ ಹೊತ್ತಿಗೆ ಇಬ್ಬರ ಕಣ್ಣೂ ಕೂಡುವುದಿತ್ತು. ಗೋಯ್ಕೊ ಇನ್ಯಾರಿಗೋ ವೈನು ಬಗ್ಗಿಸುತ್ತಿದ್ದ.

ಮೂರರ ಹೊತ್ತಿಗೆ ವೈನು ಮುಗಿದು, ಗೋಯ್ಕೊ ಅಂಗಳದಾಚೆಯ, ಬೇಸಿಗೆಯಲ್ಲಷ್ಟೇ ಬಳಸುವ ಅಡುಗೆಮನೆಗೆ ಹೋದ. ವೆಲಿಮಿರ್ ಹಿಂದೆಯೇ ಎದ್ದ. ಈ ಸಲ ಮಿಲಿತ್ಸಾ ತಡೆಯಲಿಲ್ಲ. ಒಲೆ ಹಚ್ಚದ ಆ ಕೋಣೆ ಹೊರಗಿಗಿಂತ ತಣ್ಣಗಿತ್ತು, ಹುದುಗಿದ ಎಲೆಕೋಸಿನ ವಾಸನೆ. ಗೋಯ್ಕೊ ಕ್ರೇಟಿನ ಮೇಲೆ ಬಗ್ಗಿದ್ದವನು ತಿರುಗದೆಯೇ ಕೇಳಿದ:

"ತಂದಿದೀಯಾ?"

"ಏನು?"

"ಸಹಿಗೆ. ನಿನ್ನ ಕಾಗದ."

"ಇಲ್ಲ" ಎಂದ ವೆಲಿಮಿರ್.

ಅದು ಬಾಯಿಂದ ಬಂದದ್ದು ಹೇಗೆಂದು ಅವನಿಗೆ ಆಮೇಲೂ ತಿಳಿಯಲಿಲ್ಲ. ಯೋಚಿಸಿ ಹೇಳಿದ ಸುಳ್ಳಾಗಿದ್ದರೆ ಅದಕ್ಕೆ ಒಂದು ಉದ್ದೇಶ ಇರುತ್ತಿತ್ತು. ಬಿಸಿ ಪಾತ್ರೆಯಿಂದ ಕೈ ಹಿಂದಕ್ಕೆ ಬಂದ ಹಾಗೆ ಬಂತು. ಗೋಯ್ಕೊ ನೆಟ್ಟಗಾದ, ಅವನ ಮುಖ ನೋಡಿದ, ಸೂಟಿನ ಜೇಬಿನಿಂದ ಪೆನ್ನು ತೆಗೆದು ತೋರಿಸಿದ. "ಬೆಳಗ್ಗೆಯಿಂದ ಇದನ್ನ ಇಟ್ಕೊಂಡು ತಿರುಗ್ತಿದೀನಿ. ಮಿಲಿತ್ಸಾಗೆ ಹೇಳಿದ್ದೆ, ಅವನು ಬಂದ್ರೆ ಇದಕ್ಕೇ ಬರ್ತಾನೆ ನೋಡು ಅಂತ. ಸಹಿ ಹಾಕಿ, ಒಂದು ಲೋಟ ಕುಡಿಸಿ, ಬಾಗಿಲ ತನಕ ಬಿಟ್ಟು ಬರೋದು. ಆಮೇಲೆ ನೀನು ಯಾರೋ ನಾನು ಯಾರೋ. ಸಹಿಗೇನು, ಒಂದು ಗೆರೆ."

ಒಳಜೇಬಿನ ಕಾಗದ ಪರಪರ ಅನ್ನದಿರಲೆಂದು ವೆಲಿಮಿರ್ ಎದೆಯ ಹತ್ತಿರ ಉಸಿರು ಏರಿಳಿಯುವುದನ್ನು ಆದಷ್ಟು ಸಣ್ಣದು ಮಾಡಿಕೊಂಡ.

"ಐದರಿಂದ ಆರೂವರೆ" ಎಂದ ಗೋಯ್ಕೊ. ಈಗ ಅವನ ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು. "ಅದನ್ನ ನೋಡಿ ವ್ಯಾನಲ್ಲೇ ಕೂತಿದ್ದೆ ಕಣೋ, ಕುರ್ಚಿ ಎಲ್ಲಾ ಹೇರಿದ್ದೆ. ಹಿಂದಿನ ದಿನಾನೇ ಹೇರಿ ಇಟ್ಟಿದ್ದೆ. ಆರೂವರೆ ಆದ್ಮೇಲೆ ನಾನು ಏನು ಮಾಡ್ಬೇಕಿತ್ತು, ಹೇಳು. ಎದ್ದು, ಥ್ಯಾಂಕ್ಸ್ ಹೇಳಿ, ಮನೆಗೆ ಬರಬೇಕಿತ್ತಾ?"

"ಕತ್ತೆ ನಾನು" ಎಂದ ವೆಲಿಮಿರ್.

"ಅದು ಹೊಸಾ ವಿಷ್ಯ ಅಲ್ಲ." ಗೋಯ್ಕೊ ಅವನನ್ನೇ ನೋಡುತ್ತಿದ್ದ. "ಹಾಗಿದ್ರೆ ಸುಮ್ನೆ ಬಂದಿದೀಯ."

"ಸುಮ್ನೆ ಬಂದೆ."

ಇದು ಎರಡನೆಯ ಸುಳ್ಳೋ, ದಿನದ ಮೊದಲ ನಿಜವೋ ಅವನಿಗೆ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳಲು ಯಾವ ಸಲಕರಣೆಯೂ ಇರಲಿಲ್ಲ. ಗೋಯ್ಕೊನ ಮುಖ ಮಾತ್ರ ಹಿಡಿದಿಟ್ಟ ಬಿಗಿಯೆಲ್ಲ ಒಮ್ಮೆಗೇ ಬಿಟ್ಟುಕೊಟ್ಟು, ಹಾಸ್ಟೆಲಿನ ದಿನಗಳ ಅಗಲ ಪೆದ್ದು ಮುಖವಾಯಿತು. ಅದನ್ನು ನೋಡುವುದು ಕಷ್ಟವಾಯಿತು. ಗೋಯ್ಕೊ ತುಂಬಿದ ಕ್ರೇಟನ್ನು ಕಾಲಿನಿಂದ ಅವನತ್ತ ನೂಕಿದ: "ಹಾಗಿದ್ರೆ ಯಾಕೆ ಕೈ ಬೀಸ್ಕೊಂಡು ನಿಂತಿದೀಯ? ಎತ್ತು. ನಾನು ಬೆಳಗ್ಗೆಯಿಂದ ಒಬ್ಬನೇ ಸಾಯ್ತಿದೀನಿ."

ಆಮೇಲಿನದೆಲ್ಲ ಅವನು ಮೂರು ದಿನದಿಂದ ಬಯಸಿದ್ದೇ ಆಗಿತ್ತು. ಕ್ರೇಟು ಹೊತ್ತು ಒಳಗೆ ಬಂದಾಗ ಮಿಲಿತ್ಸಾ ಗಂಡನ ಮುಖ ನೋಡಿದಳು, ಮೇಜಿನ ತಲೆಯಿಂದ ವೆಲಿಮಿರ್‌ನ ತಟ್ಟೆ ತೆಗೆದಳು. ಬಂದ ಹೊಸಬರಿಗೆ ಕುರ್ಚಿ ಬೇಕು, ನಿನಗೆ ಸ್ಟೂಲು ಸಾಕು, ಲೋಟ ತೊಳಿ ಬಾ ಎಂದಳು. ಲೋಟ ತೊಳೆದ. ಬಿಸಿನೀರಿನಲ್ಲಿ ಕೈ ಕೆಂಪಾಯಿತು. ಕೋಟು ಬಿಚ್ಚು, ತೋಳು ನೆನೀತಿದೆ ಎಂದಳು ಸ್ಮಿಲ್ಯಾ. ಚಳಿ ಚಿಕ್ಕಮ್ಮ ಎಂದ, ಬೆವರುತ್ತಿದ್ದವನು. ಕೋಟು ಬಿಚ್ಚಿದರೆ ಹಾಸಿಗೆಯ ಮೇಲಿನ ಕೋಟುಗಳ ರಾಶಿಗೆ ಹೋಗುತ್ತದೆ, ಯಾರೋ ಎಳೆಯುತ್ತಾರೆ, ಬೀಳುತ್ತದೆ. ಸಂತೋಷವಾಗಿರಬೇಕಾಗಿದ್ದ ಪ್ರತಿಯೊಂದು ಗಳಿಗೆಯಲ್ಲೂ ಎದೆಯ ಮೇಲೆ ಆ ಮಡಿಕೆ. ಸಹಿ ಬೇಕಿದ್ದರೆ ಇನ್ನೂ ಸಿಗುತ್ತದೆ: ಮರೆತಿದ್ದೆ, ಕಾರಿನಲ್ಲೇ ಇತ್ತು ಎಂದರಾಯಿತು. ಗೋಯ್ಕೊ ಪೆನ್ನು ತೆಗೆಯುತ್ತಾನೆ, ಗೆರೆ ಎಳೆಯುತ್ತಾನೆ, ಬಾಗಿಲ ತನಕ ಬಿಟ್ಟು ಬರುತ್ತಾನೆ. ಬಚ್ಚಲಿಗೆ ಹೋಗಿ ಚಿಲಕ ಹಾಕಿ ಕಾಗದ ಬಿಚ್ಚಿ ನೋಡಿದ. ತನ್ನ ಸಹಿಯ ಪಕ್ಕದಲ್ಲಿ ಖಾಲಿ ಗೆರೆ. ಕಾಲೇಜಿನಲ್ಲಿ ಪ್ರಯೋಗಶಾಲೆಯ ಹಾಜರಿಗೆ ಗೋಯ್ಕೊನ ಸಹಿಯನ್ನು ಅವನೇ ಹಾಕುತ್ತಿದ್ದ, ಗೋಯ್ಕೊ ಹಾಕುವುದಕ್ಕಿಂತ ಚೆನ್ನಾಗಿ. ಮೊದಲಕ್ಷರದ ಬಾಲ ಕೆಳಗೆ ಸುತ್ತಿಕೊಳ್ಳುವ ಆ ತಿರುವು ಬೆರಳಿಗೆ ಈಗಲೂ ಗೊತ್ತಿತ್ತು. ಬೆರಳಿಗೆ ಗೊತ್ತಿದೆ ಎಂದು ತನಗೆ ಗೊತ್ತಾದದ್ದೇ ಸಾಕಾಯಿತು. ಮಡಿಸಿ ಇಟ್ಟುಕೊಂಡ. ಹೊರಗೆ ಯಾವುದೋ ಮಗು, ನನಗೆ ಅರ್ಜೆಂಟು ಎಂದು ಬಾಗಿಲು ಬಡಿಯುತ್ತಿತ್ತು.

ಫೋನು ನಡುಗಿತು. ವಿಯೆನ್ನಾದ ಕಚೇರಿಯ ಹುಡುಗಿ: ಸಂಜೆ ಐದು ಗಂಟೆಯವರೆಗೆ ಕಾಯುತ್ತೇವೆ. ಅದರ ಹಿಂದೆಯೇ ಇಸಿದೋರಾ: ಇವತ್ತು ನಿನ್ನ ದಿನ, ನಂಬಿಕೆ ಇರಲಿ. ಯಾರ ಮೇಲೆ ಎಂದು ಬರೆದಿರಲಿಲ್ಲ. ಇನ್ನೂ ಒಂದು, ಸಾಫ್ಟ್‌ವೇರಿನದು: ಗೋಯ್ಕೊ ಜೊತೆ ಇಪ್ಪತ್ತೆಂಟು ದಿನಗಳಿಂದ ಸಂಪರ್ಕವಿಲ್ಲ, ತಣ್ಣಗಾಗುತ್ತಿದ್ದಾರೆ, ಈಗಲೇ ಸಂಪರ್ಕಿಸಿ. ವೆಲಿಮಿರ್ ತೊಳೆದ ಲೋಟವನ್ನೇ ಮತ್ತೆ ತೊಳೆದ. ಕಾರ್ಯಾಗಾರದ ಲ್ಯುಬಿಂಕಾಗೆ ವಸಂತದಲ್ಲಿ ಹೆರಿಗೆ. ಅವಳಿಗೆ ಮಾರ್ಚಿನಲ್ಲಿ ಏನು ಹೇಳುವುದು? ಒಬ್ಬ ಸ್ನೇಹಿತನ ಎದುರು ಒಂದು ಸುಳ್ಳು ಹೇಳಿದ್ದೆ, ಅದನ್ನು ನಿಜ ಮಾಡಬೇಕಾಗಿತ್ತು ಎಂದೇ? ಕಾಗದ ತಂದಿಲ್ಲ ಎಂಬ ಮಾತು ನಿಜವಾಗಬೇಕಾದರೆ ಒಂದೇ ದಾರಿ, ಐದು ಗಂಟೆ ಹಾಗೆಯೇ ದಾಟಿಹೋಗಬೇಕು. ಐದು ದಾಟಿದ ಕಾಗದ ಕಾಗದವೇ ಅಲ್ಲ. ಆಗ ಅವನು ಏನನ್ನೂ ತಂದಿರಲಿಲ್ಲ. ಇದು ವಾದವಾಗಿ ಎಷ್ಟು ಪೊಳ್ಳೆಂದು ಅವನಿಗೆ ಕಾಣುತ್ತಿತ್ತು. ದೊಡ್ಡ ಮನಸ್ಸಿನವನೊಬ್ಬ ಕಾಗದ ಹರಿದು ಒಲೆಗೆ ಹಾಕುತ್ತಿದ್ದ, ಇಲ್ಲವೇ ನಿಜ ಹೇಳಿ ಬೈಸಿಕೊಳ್ಳುತ್ತಿದ್ದ. ತಾನು ಲೋಟ ತೊಳೆಯುತ್ತ ಗಡಿಯಾರಕ್ಕೆ ಕಾಯುತ್ತಿದ್ದಾನೆ. ತನ್ನ ಜೀವನದ ಒಂದೇ ಒಂದು ತ್ಯಾಗವೂ ಹೀಗೆ ಕಳ್ಳತನದ ಆಕಾರದಲ್ಲೇ ಬರಬೇಕೆ ಎಂದು ಹಲ್ಲು ಕಚ್ಚಿದ.

ನಾಲ್ಕೂವರೆಗೆ, ಹೊರಗೆ ಕತ್ತಲಾದ ಮೇಲೆ, ಮುದುಕ ರಾದಿವೊಯ್ ತನ್ನ ಈ ವರ್ಷದ ಕ್ವಿನ್ಸ್ ಹಣ್ಣಿನ ರಕಿಯಾ ತಂದ, ಎರಡು ಸಲ ಬಟ್ಟಿ ಇಳಿಸಿದ್ದು. ಬಾಟಲಿಯನ್ನು ದೀಪಕ್ಕೆ ಹಿಡಿದು ಅಲುಗಿಸಿ, ಗುಳ್ಳೆ ನಿಂತ ರೀತಿ ನೋಡಿ, ಇಪ್ಪತ್ತೆರಡು ಗ್ರಾದ್ ಎಂದು, ಇಲ್ಲಿನವರು ಮದ್ಯದ ಕಡುಪು ಅಳೆಯುವ ಲೆಕ್ಕದಲ್ಲಿ, ಘೋಷಿಸಿದ. ಓಂದ್ರೆಯ್ ಒಂದು ಗುಟುಕು ಬಾಯಲ್ಲಿ ತಿರುಗಿಸಿ ನುಂಗಿದ. "ಹದಿನೆಂಟು. ಮಗು ನಾಮಕರಣಕ್ಕೆ ಕೊಡಬಹುದು" ಎಂದ. ರಾದಿವೊಯ್ ಅವನ ಊರನ್ನೂ ಅವನ ಅಜ್ಜನ ಬಟ್ಟಿಯನ್ನೂ ಎತ್ತಿ ಆಡಿದ. ಮೇಜು ಎರಡು ಪಕ್ಷವಾಯಿತು. ಯಾರೋ ಗಾಜಿನ ಉದ್ದ ಕೊಳವೆ ತಂದು ಅದಕ್ಕೆ ರಕಿಯಾ ಹೊಯ್ದರು, ಅದರಲ್ಲಿ ತೇಲಿಬಿಡುವ ಗಾಜಿನ ಮಾಪಕ ತಂದರು. ಯಾರು ಓದಬೇಕು ಎಂಬುದಕ್ಕೂ ಜಗಳ. ಮನೆಯವರು ಓದಿದರೆ ಓಂದ್ರೆಯ್ ಒಪ್ಪ, ಓಂದ್ರೆಯ್ ಕನ್ನಡಕ ತಂದಿಲ್ಲ.

"ವೆಲಿಮಿರ್ ಓದ್ಲಿ" ಎಂದ ಗೋಯ್ಕೊ, ಕೈಯಲ್ಲಿ ನಾಲ್ಕು ತಟ್ಟೆ ಹಿಡಿದು ಹಾದುಹೋಗುತ್ತ. "ಅವನು ಕೆಟ್ಟವನು, ಆದ್ರೆ ಸುಳ್ಳು ಓದಲ್ಲ."

ಎಲ್ಲರೂ ಅವನತ್ತ ತಿರುಗಿದರು. ವೆಲಿಮಿರ್ ಕೊಳವೆಯನ್ನು ಹಿಡಿದ. ಗಾಜು ಬೆಚ್ಚಗಿತ್ತು, ಬಾಟಲಿ ಇಷ್ಟು ಹೊತ್ತೂ ಒಲೆಯ ಪಕ್ಕ ಇತ್ತು. ಹೀಗೆ ಅಳೆಯುವಂತಿಲ್ಲ ಎಂದ, ಬಿಸಿಯಿದ್ದರೆ ಮಾಪಕ ಹೆಚ್ಚು ಮುಳುಗಿ ಹೆಚ್ಚು ತೋರಿಸುತ್ತದೆ, ಹದಿನೈದು ಡಿಗ್ರಿಗೆ ಇಳಿಯಬೇಕು. ರಾದಿವೊಯ್, ನನ್ನ ಅಪ್ಪ ಯಾವ ಡಿಗ್ರಿಯೂ ಇಲ್ಲದೆ ಅರವತ್ತು ವರ್ಷ ಅಳೆದ ಎಂದ. ಅದಕ್ಕೇ ಅರವತ್ತು ವರ್ಷ ನಿಮ್ಮದು ಜೋರು ಅಂದುಕೊಂಡಿದ್ದು ಎಂದ ಓಂದ್ರೆಯ್. ಕಾರ್ಯಾಗಾರದ ಒಂದು ಉಷ್ಣಮಾಪಕವನ್ನು ಗೋಯ್ಕೊ ಕಪಾಟಿನಿಂದ ತೆಗೆದು ಕೊಟ್ಟ. ವೆಲಿಮಿರ್ ಅದರ ತಂತಿಯನ್ನು ಕೊಳವೆಯೊಳಗೆ ಇಳಿಬಿಟ್ಟು, ಎರಡೂ ಕೈಯಲ್ಲಿ ಹಿಡಿದು, ಅಂಗಳದ ಮೆಟ್ಟಿಲಿಗೆ ಬಂದು ನಿಂತ. ಇಪ್ಪತ್ತಾರು ಡಿಗ್ರಿ. ಚಳಿ ಕೋಟಿನೊಳಗೆ ನುಗ್ಗಿತು. ಒಳಗಿನ ಗದ್ದಲ ಬಾಗಿಲಿನ ಹಿಂದೆ ಮಂಕಾಯಿತು. ಫೋನು ನಡುಗಿತು, ನಿಂತಿತು, ಮತ್ತೆ ನಡುಗಿತು.

ಗೋಯ್ಕೊ ಹೊಸ್ತಿಲ ಮೇಲೆ ಬಂದು ನಿಂತ. ಒಂದು ಕಾಲು ಒಳಗೆ, ಯಜಮಾನನಾದ್ದರಿಂದ. ಎಷ್ಟಾಯಿತು ಎಂದು ಕೇಳಿದ. ಇಪ್ಪತ್ತೊಂದು, ಇಳಿಯುತ್ತಿದೆ ಎಂದ ವೆಲಿಮಿರ್. ಗೋಯ್ಕೊನ ಎದೆಯ ಜೇಬಿನಲ್ಲಿ ಪೆನ್ನು ಒಳಗಿನ ಬೆಳಕಿಗೆ ಮಿನುಗುತ್ತಿತ್ತು. ತೋಳು ಚಾಚಿದರೆ ಸಿಗುವಷ್ಟು ಹತ್ತಿರ. ಎರಡು ನಿಮಿಷದ ಕೆಲಸ: ಸಹಿ, ಫೋನಿನಲ್ಲಿ ಒಂದು ಚಿತ್ರ, ಕಳಿಸುವುದು. ಬಾಯಿ ತೆರೆದರೆ ಈಗಲೂ ಆ ಮಾತು ಬರಬಹುದು, ಮಧ್ಯಾಹ್ನದ ಸುಳ್ಳು ಬಂದ ಹಾಗೆಯೇ, ತಾನಾಗಿ. ಆ ಹೆದರಿಕೆಗೆ ಅವನು ಕೊಳವೆಯ ಅಂಚಿನ ಮೇಲೆ ಗದ್ದವಿಟ್ಟು ಬಾಯಿ ಬಿಗಿದ.

"ಯಾರದೋ ಅದು, ಆವಾಗಿಂದ?"

"ಯಾರೂ ಅಲ್ಲ."

"ಮುಖ್ಯ ಇರ್ಬೇಕು. ಎತ್ತು, ನಾನು ಹಿಡ್ಕೋತೀನಿ."

"ಬೇಡ" ಎಂದ ವೆಲಿಮಿರ್. "ಐದಕ್ಕೆ ನಿಂತುಹೋಗತ್ತೆ."

ಗೋಯ್ಕೊ ಏನೋ ಕೇಳುವವನಿದ್ದ, ಒಳಗಿನಿಂದ ಯಜಮಾನರೇ, ಬ್ರೆಡ್ಡು ಎಂದು ಕೂಗಿದರು, ಹೋದ. ವೆಲಿಮಿರ್ ಒಬ್ಬನೇ ನಿಂತ. ಹದಿನೆಂಟು. ಬೆರಳ ತುದಿ ಮರಗಟ್ಟಿತು, ಕೊಳವೆಗೆ ತನ್ನ ಕೈಯ ಬಿಸಿ ತಾಕದಂತೆ ಅಂಗಿಯ ತೋಳನ್ನು ಎಳೆದು ಹಿಡಿದುಕೊಂಡ. ಹದಿನಾರೂವರೆ. ಫೋನು ಉದ್ದಕ್ಕೆ, ಬಹಳ ಉದ್ದಕ್ಕೆ ನಡುಗಿ ನಿಂತಿತು. ಚರ್ಚಿನ ಗಂಟೆ ಐದು ಹೊಡೆಯಿತು. ಅದು ಮುಗಿದ ಮೇಲೂ ಅವನು ಕಾದ, ಏಕೆಂದರೆ ಇನ್ನೂ ಹದಿನೈದಾಗಿರಲಿಲ್ಲ.

ಒಳಗೆ ಬಂದಾಗ ಅವನಿಗೆ ದಾರಿ ಬಿಟ್ಟರು. ಕೊಳವೆಯನ್ನು ಮೇಜಿನ ಮೇಲಿಟ್ಟು, ಮಾಪಕವನ್ನು ತೇಲಿಬಿಟ್ಟು, ತಿರುಗುವುದು ನಿಲ್ಲಲಿ ಎಂದು ಕಾದ. ಮಂಡಿಯೂರಿ ಕಣ್ಣನ್ನು ದ್ರವದ ಮಟ್ಟಕ್ಕೆ ತಂದ. ಓಂದ್ರೆಯ್ ಒಂದು ಕಡೆ, ರಾದಿವೊಯ್ ಇನ್ನೊಂದು ಕಡೆ ಉಸಿರು ಹಿಡಿದಿದ್ದರು. ಗೋಯ್ಕೊ ಎಲ್ಲರ ಹಿಂದೆ ನಿಂತು ಅವನ ಹೆಗಲ ಮೇಲೆ ಭಾರ ಬಿಟ್ಟು ಬಗ್ಗಿದ್ದ. ಗಾಜಿನ ಗೋಡೆಗೆ ದ್ರವ ಏರಿದ ಅಂಚನ್ನಲ್ಲ, ನಡುವೆ ತಗ್ಗಿದ ತಳವನ್ನು ನೋಡಿ, ಇಬ್ಬರು ಮುದುಕರಲ್ಲಿ ಯಾರಿಗೂ ಗೆಲುವಾಗದಂಥ ಅಂಕಿಯನ್ನು ಗಟ್ಟಿಯಾಗಿ ಓದಿದ. ಹತ್ತೊಂಬತ್ತೂವರೆ ಗ್ರಾದ್.